ಮುಂಗೈ ಊರಿ ಹೊರಟ ಕಾರ್ಲ್ ಡ್ರೈಸ್

ಮಕ್ಕಳೇ, ನಿಮ್ಮಲ್ಲಿ ಹಲವರಿಗೆ ಸೈಕಲ್ ಬರುತ್ತದೆ. ಕೆಲವರು ಈಗಷ್ಟೇ ಕಲಿಯುತ್ತಿರಬಹುದು. ಮನೆಯಲ್ಲಿರುವ ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತವರೂ ಇದ್ದೀರಿ. ಹಾಗೆ ಕಲಿಯುವಾಗ ನಿಮ್ಮ ಎರಡು ಕೈಗಳು ಎಲ್ಲಿದ್ದವು, ನೆನಪು ಮಾಡಿಕೊಳ್ಳಿ. ಎಡಗೈ ಹ್ಯಾಂಡಲ್ ಮೇಲಿತ್ತು. ಬಲಗೈ ಸೀಟನ್ನೋ ನಡುವಿನ ಕಂಬಿಯನ್ನೋ ಬಿಗಿಯಾಗಿ ತಬ್ಬಿಕೊಂಡಿತ್ತು. ಒಂದು ಕೈ ಮೈಯ ಭಾರ ಹೊತ್ತಿತ್ತು, ಇನ್ನೊಂದು ಕೈ ದಾರಿ ತೋರಿಸುತ್ತಿತ್ತು. ಮುಂದಿನ ಚಕ್ರ ಮಾತ್ರ ಹಾವಿನ ಹಾಗೆ ಅತ್ತಿತ್ತ ಹರಿದಾಡುತ್ತಿತ್ತು, ಅಲ್ಲವೇ?

ಬ್ರೇಕು, ಗಂಟೆಗಳನ್ನು ಬಿಟ್ಟರೆ ಸೈಕಲ್ ಮೇಲೆ ನಮ್ಮ ಕೈಗಳಿಗೆ ಇರುವುದು ಇವೆರಡೇ ಕೆಲಸ. ಭಾರ ಹೊರುವುದು ಮತ್ತು ತಿರುಗಿಸುವುದು. ಇವೆರಡಕ್ಕೂ ಬೇರೆ ಬೇರೆ ಏರ್ಪಾಡು ಮಾಡಿ, ಎರಡೇ ಚಕ್ರದ ಗಾಡಿಯ ಮೇಲೆ ಕುಳಿತು ಊರಾಚೆ ಹೊರಟವನೊಬ್ಬನಿದ್ದ. ಅವನ ಗಾಡಿಗೆ ಪೆಡಲ್ ಇರಲಿಲ್ಲ, ಚೈನ್ ಇರಲಿಲ್ಲ, ರಬ್ಬರ್ ಟೈರು ಇರಲಿಲ್ಲ. ಆದರೆ ಹ್ಯಾಂಡಲ್ ಇತ್ತು! ಅವನ ಹೆಸರು ಕಾರ್ಲ್ ಡ್ರೈಸ್.

ಕಾಡಿನ ಅಧಿಕಾರಿ

ಡ್ರೈಸ್ ಹುಟ್ಟಿದ್ದು 1785ರ ಏಪ್ರಿಲ್ 29ರಂದು, ಕಾರ್ಲ್ಸ್‌ರೂಹೆ ನಗರದಲ್ಲಿ. ಇಂದು ಅದು ಜರ್ಮನಿಯಲ್ಲಿದೆ. ಆಗ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ಅನೇಕ ಚಿಕ್ಕ ದೊಡ್ಡ ಸಂಸ್ಥಾನಗಳಿದ್ದವು. ಅವುಗಳಲ್ಲಿ ಬಾಡೆನ್ ಒಂದು, ಕಾರ್ಲ್ಸ್‌ರೂಹೆ ಅದರ ರಾಜಧಾನಿ. ಡ್ರೈಸ್‌ನ ತಂದೆ ಮುಂದೆ ಆ ಸಂಸ್ಥಾನದ ಅತಿ ದೊಡ್ಡ ನ್ಯಾಯಾಧೀಶನಾದ. ಮನೆತನ ಶ್ರೀಮಂತ ವರ್ಗಕ್ಕೆ ಸೇರಿತ್ತು, ಹೆಸರಿನ ಜೊತೆಗೆ ಬಿರುದೂ ಇತ್ತು.

ಹುಡುಗನನ್ನು ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿಸಬೇಕೆಂದು ಮನೆಯವರು ನಿಶ್ಚಯಿಸಿದರು. ತಂದೆಯ ಸೋದರ ನಡೆಸುತ್ತಿದ್ದ ಅರಣ್ಯಶಾಲೆಯಲ್ಲಿ ಆತ ಕಲಿತ. ಬಳಿಕ 1803ರಿಂದ 1805ರವರೆಗೆ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಗಣಿತ, ಭೌತವಿಜ್ಞಾನ ಮತ್ತು ಕಟ್ಟಡ ಕಲೆಯನ್ನು ಓದಿದ. 1810ರಲ್ಲಿ ಅರಣ್ಯಾಧಿಕಾರಿಯೂ ಆದ. ಆದರೆ ಮನಸ್ಸೆಲ್ಲ ಯಂತ್ರಗಳ ಕಡೆಗೆ. ಪಿಯಾನೋ ನುಡಿಸಿದ್ದನ್ನು ಕಾಗದದ ಮೇಲೆ ತಾನಾಗಿಯೇ ಗುರುತು ಹಾಕಿಕೊಳ್ಳುವ ಯಂತ್ರವನ್ನು ಮಾಡಿದ. ಹೀಗೆ ಹೊಸ ಹೊಸದನ್ನು ಹುಡುಕುವುದಕ್ಕಾಗಿ ಕೆಲಸದಿಂದ ದೀರ್ಘ ರಜೆ ಪಡೆದು ಮಾನ್‌ಹೈಮ್ ಎಂಬ ಊರಿಗೆ ಹೋಗಿ ನೆಲೆಸಿದ. ಸಂಬಳ ಮಾತ್ರ ಬರುತ್ತಿತ್ತು. ಎಂಥ ಅದೃಷ್ಟ ನೋಡಿ!

1813ರಲ್ಲಿ ಡ್ರೈಸ್ ಒಂದು ನಾಲ್ಕು ಚಕ್ರದ ಗಾಡಿಯನ್ನು ಕಟ್ಟಿದ. ಅದಕ್ಕೆ ಕುದುರೆ ಬೇಡ. ಒಳಗೆ ಕುಳಿತವರೇ ಕಾಲಿನಿಂದ ಓಡಿಸಬೇಕು. ಯೂರೋಪಿನ ರಾಜರೂ ಮಂತ್ರಿಗಳೂ ವಿಯೆನ್ನಾ ನಗರದಲ್ಲಿ ದೊಡ್ಡ ಸಭೆ ಸೇರಿದ್ದಾಗ ಅಲ್ಲಿಗೂ ಅದನ್ನು ಒಯ್ದ. ಯಾರೂ ಕೊಳ್ಳಲಿಲ್ಲ. ಗಾಡಿ ಭಾರವಾಗಿತ್ತು, ಅಂದಿನ ರಸ್ತೆಗಳಲ್ಲಿ ಅದನ್ನು ಎಳೆದೊಯ್ಯಲು ಮನುಷ್ಯನ ಕಾಲಿನ ಬಲ ಸಾಲುತ್ತಿರಲಿಲ್ಲ.

ಇದೇ ಹೊತ್ತಿಗೆ ಬಹು ದೂರದಲ್ಲಿ ಒಂದು ಘಟನೆ ನಡೆಯಿತು. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಮತ್ತು ಅನಿಲ ವಾಯುಮಂಡಲದ ಎತ್ತರಕ್ಕೆ ಏರಿ ಭೂಮಿಯನ್ನೆಲ್ಲ ಸುತ್ತಿದವು. ಬಿಸಿಲು ಕಡಿಮೆಯಾಯಿತು. 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿಗೆ ಬೆಳೆ ಹಾಳಾಯಿತು. ಜನರಿಗೇ ಊಟವಿಲ್ಲದಿರುವಾಗ ಕುದುರೆಗೆ ಎಲ್ಲಿಂದ ಓಟ್ಸ್ ಹಾಕುವುದು? ಕುದುರೆಗಳ ಕೊರತೆಯೇ ಡ್ರೈಸ್‌ನನ್ನು ಎರಡು ಚಕ್ರದ ಗಾಡಿಯತ್ತ ದೂಡಿತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಇಷ್ಟು ನಿಜ. ನಾಲ್ಕು ಚಕ್ರದ ಭಾರದ ಗಾಡಿಯನ್ನು ಬಿಟ್ಟು, ಬರಗಾಲದ ಮರುವರ್ಷವೇ ಆತ ಎರಡು ಚಕ್ರದ ಹಗುರ ಗಾಡಿಯೊಂದಿಗೆ ರಸ್ತೆಗೆ ಬಂದ.

1817ರ ಜೂನ್ 12

ಅಂದು ಡ್ರೈಸ್ ಮಾನ್‌ಹೈಮ್‌ನಿಂದ ಹೊರಟು, ಶ್ವೆಟ್ಸಿಂಗೆನ್ ಕಡೆಗೆ ಹೋಗುವ ಒಳ್ಳೆಯ ರಸ್ತೆಯಲ್ಲಿ ಕುದುರೆ ಬದಲಿಸುವ ಒಂದು ತಂಗುದಾಣದವರೆಗೆ ಹೋಗಿ ಹಿಂದಿರುಗಿದ. ಹೋಗಿ ಬರುವ ದಾರಿ ಸುಮಾರು 13-14 ಕಿಲೋಮೀಟರ್. ಹಿಡಿದದ್ದು ಒಂದು ಗಂಟೆಗಿಂತ ಕಡಿಮೆ. ನಡೆದು ಹೋಗುವವನಿಗೆ ಇದಕ್ಕೆ ಸುಮಾರು ಮೂರು ಗಂಟೆ ಬೇಕು.

ಗಾಡಿ ಹೇಗಿತ್ತು ಗೊತ್ತೇ? ಬಹುಪಾಲು ಮರದ್ದು. ಒಂದರ ಹಿಂದೆ ಒಂದು ಎರಡು ಚಕ್ರ. ಅವುಗಳ ಅಂಚಿಗೆ ಎತ್ತಿನ ಗಾಡಿಯ ಚಕ್ರದಂತೆ ಕಬ್ಬಿಣದ ಪಟ್ಟಿ. ನಡುವೆ ಉದ್ದದ ಮರದ ತೊಲೆ, ಅದರ ಮೇಲೆ ಮೆತ್ತೆಯ ಆಸನ. ತೂಕ ಹೆಚ್ಚುಕಡಿಮೆ ಈಗಿನ ಗಟ್ಟಿಮುಟ್ಟಾದ ಸೈಕಲ್ಲಿನಷ್ಟೇ. ಸವಾರ ಆಸನದ ಮೇಲೆ ಕುಳಿತು, ಕಾಲುಗಳನ್ನು ನೆಲಕ್ಕೆ ಒತ್ತಿ ಒಂದಾದ ಮೇಲೊಂದು ತಳ್ಳುತ್ತ ಓಡಬೇಕು. ಕುಳಿತುಕೊಂಡೇ ಓಡುವುದು! ಇಳಿಜಾರು ಬಂದರೆ ಎರಡೂ ಕಾಲನ್ನು ಎತ್ತಿ ಜಾರಿಕೊಂಡು ಹೋಗಬಹುದು. ನಿಲ್ಲಿಸಲು ಹಿಂದಿನ ಚಕ್ರಕ್ಕೆ ಹಗ್ಗದಿಂದ ಎಳೆಯುವ ಬ್ರೇಕು ಇತ್ತು.

ಈಗ ಕೈಗಳ ವಿಷಯಕ್ಕೆ ಬರೋಣ. ಆಸನದ ಮುಂದೆ, ಹೊಟ್ಟೆಯ ಎತ್ತರದಲ್ಲಿ, ಅಡ್ಡಲಾಗಿ ಒಂದು ಹಲಗೆಯಿತ್ತು. ಅದಕ್ಕೂ ಮೆತ್ತೆ ಹೊದಿಸಿತ್ತು. ಸವಾರ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು, ಅಂದರೆ ಮುಂಗೈಯನ್ನು, ಈ ಹಲಗೆಯ ಮೇಲೆ ಊರುತ್ತಿದ್ದ. ಹಲಗೆ ಗಾಡಿಯ ಮೈಗೇ ಜೋಡಿಸಿದ್ದು, ತಿರುಗುತ್ತಿರಲಿಲ್ಲ. ಅದರ ಮುಂದೆ ಇನ್ನೊಂದು ಸಣ್ಣ ಹಿಡಿ. ಅದು ಮುಂದಿನ ಚಕ್ರಕ್ಕೆ ಸೇರಿತ್ತು. ಅಂಗೈಗಳು ಅದನ್ನು ಹಗುರವಾಗಿ ಹಿಡಿಯುತ್ತಿದ್ದವು.

ಭಾರ ಹೊರಲು ಮುಂಗೈ, ತಿರುಗಿಸಲು ಅಂಗೈ! ಕಾಲಿನಿಂದ ನೆಲವನ್ನು ಬಲವಾಗಿ ಹಿಂದಕ್ಕೆ ತಳ್ಳುವಾಗ ಮೈ ಮುಂದಕ್ಕೆ ಬಾಗುತ್ತದೆ. ಆಗ ಊರಿಕೊಳ್ಳಲು ಏನಾದರೂ ಬೇಕು. ತಿರುಗುವ ಹಿಡಿಯನ್ನೇ ಊರಿಕೊಂಡರೆ ಪ್ರತಿ ಹೆಜ್ಜೆಗೂ ಚಕ್ರ ಒಂದೊಂದು ಕಡೆ ಹೊರಳುತ್ತದೆ. ಅಲುಗದ ಹಲಗೆಯನ್ನು ಊರಿಕೊಂಡರೆ ಆ ತೊಂದರೆ ಇಲ್ಲ. ಗಾಡಿ ಒಂದು ಕಡೆ ವಾಲಿದಾಗ ಹಲಗೆಯನ್ನು ಒಂದು ಮುಂಗೈಯಿಂದ ಸ್ವಲ್ಪ ಹೆಚ್ಚು ಒತ್ತಿ ಸಮತೋಲ ತಂದುಕೊಳ್ಳಬಹುದು ಎಂಬುದೂ ಡ್ರೈಸ್‌ನ ಯೋಚನೆಯಾಗಿತ್ತು.

ಕೋಲು ಬೀಳದಂತೆ ನಿಲ್ಲಿಸುವುದು

ಎರಡು ಚಕ್ರದ ಗಾಡಿ ಬೀಳದೆ ಹೇಗೆ ಓಡುತ್ತದೆ? ಇದಕ್ಕೆ ಒಂದು ಚಿಕ್ಕ ಆಟ ಆಡಿ. ಉದ್ದನೆಯ ಕೋಲೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ. ಅದು ಎಡಕ್ಕೆ ವಾಲಿದಾಗ ನೀವು ಏನು ಮಾಡುತ್ತೀರಿ? ಅಂಗೈಯನ್ನು ಎಡಕ್ಕೇ ಸರಿಸುತ್ತೀರಿ. ಕೋಲಿನ ಬುಡ ಅದರ ಭಾರದ ಕೆಳಗೆ ಬಂದು ನಿಲ್ಲುತ್ತದೆ. ಅಂಗೈಯನ್ನು ಅಲುಗಿಸಬಾರದು ಎಂದು ಹಟ ಹಿಡಿದರೆ ಕೋಲು ಬಿದ್ದೇ ಬೀಳುತ್ತದೆ.

ಸೈಕಲ್ಲೂ ಹೀಗೆಯೇ. ಎಡಕ್ಕೆ ವಾಲಿದರೆ ಹ್ಯಾಂಡಲ್ಲನ್ನು ಎಡಕ್ಕೇ ತುಸು ತಿರುಗಿಸಬೇಕು. ಆಗ ಚಕ್ರಗಳು ಎಡಕ್ಕೆ ಓಡಿ ನಿಮ್ಮ ಭಾರದ ಕೆಳಗೆ ಬರುತ್ತವೆ. ಹೊಸದಾಗಿ ಕಲಿಯುವವರು ಹೆದರಿ ಬಲಕ್ಕೆ ತಿರುಗಿಸುತ್ತಾರೆ, ಎಡಕ್ಕೆ ಬೀಳುತ್ತಾರೆ. ಹಾಗಾಗಿ ಸೈಕಲ್ ಕಲಿಯುವುದೆಂದರೆ ಬಹುಮಟ್ಟಿಗೆ ಕೈಗಳಿಗೆ ಈ ಪಾಠ ಕಲಿಸುವುದೇ. ಒಮ್ಮೆ ಕಲಿತ ಕೈ ಮರೆಯುವುದಿಲ್ಲ.

ಈಗ ಮೈದಾನದಲ್ಲಿ ಇನ್ನೊಂದು ಪ್ರಯೋಗ. ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹ್ಯಾಂಡಲ್ಲಿಗೆ ತಗಲಿಸಿದ ಚೀಲವಿದ್ದರೆ ತೆಗೆಯಿರಿ. ಹ್ಯಾಂಡಲ್ಲನ್ನು ಮುಟ್ಟದೆ, ಸೀಟನ್ನು ಮಾತ್ರ ಹಿಡಿದು ಸೈಕಲ್ಲನ್ನು ನಿಧಾನವಾಗಿ ತಳ್ಳಿಕೊಂಡು ನಡೆಯಿರಿ. ಸೀಟನ್ನು ಸ್ವಲ್ಪ ಎಡಕ್ಕೆ ವಾಲಿಸಿ. ಮುಂದಿನ ಚಕ್ರ ತಾನಾಗಿಯೇ ಎಡಕ್ಕೆ ತಿರುಗಿತಲ್ಲವೇ? ಬಲಕ್ಕೆ ವಾಲಿಸಿ, ಬಲಕ್ಕೆ ತಿರುಗುತ್ತದೆ. ಸೈಕಲ್ಲು ನಿಮಗೆ ಅರ್ಧ ಕೆಲಸ ಮಾಡಿಕೊಡುತ್ತಿದೆ.

ಇದಕ್ಕೆ ಒಂದು ಕಾರಣ ಮುಂದಿನ ಚಕ್ರವನ್ನು ಜೋಡಿಸಿರುವ ರೀತಿ. ಹ್ಯಾಂಡಲ್ ಯಾವ ಕೊಳವೆಯಲ್ಲಿ ತಿರುಗುತ್ತದೆಯೋ ಅದರ ಗೆರೆಯನ್ನು ನೆಲದವರೆಗೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆ ನೆಲವನ್ನು ಮುಟ್ಟುವ ಜಾಗ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದಿರುತ್ತದೆ. ಚಕ್ರ ಆ ಗೆರೆಯ ಹಿಂದೆ ಹಿಂದೆ ಬರುತ್ತದೆ. ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ತಳ್ಳುವ ಗಾಡಿಯ ಪುಟ್ಟ ಚಕ್ರಗಳು, ಗಾಡಿ ಹೋದ ಕಡೆಗೆ ಹಿಂಬಾಲಿಸುವುದನ್ನು ನೋಡಿದ್ದೀರಲ್ಲ, ಅದೇ ರೀತಿ. ಡ್ರೈಸ್ ತನ್ನ ಗಾಡಿಯಲ್ಲೂ ಮುಂದಿನ ಚಕ್ರವನ್ನು ಹೀಗೆ ಹಿಂದಕ್ಕೆ ಸರಿಸಿಯೇ ಜೋಡಿಸಿದ್ದ. ಇದೊಂದೇ ಕಾರಣ ಎಂದು ಮಾತ್ರ ತಿಳಿಯಬೇಡಿ. 2011ರಲ್ಲಿ ವಿಜ್ಞಾನಿಗಳ ತಂಡವೊಂದು ಈ ಏರ್ಪಾಡು ಇಲ್ಲದೆಯೂ ತಾನಾಗಿ ನಿಂತು ಓಡುವ ವಿಶೇಷ ಸೈಕಲ್ಲನ್ನು ಮಾಡಿ ತೋರಿಸಿತು. ಭಾರ ಎಲ್ಲೆಲ್ಲಿ ಹಂಚಿದೆ ಎಂಬುದೂ ಮುಖ್ಯ. ಇನ್ನೂರು ವರ್ಷಗಳಾದರೂ ಸೈಕಲ್ಲಿನ ವಿಜ್ಞಾನ ಮುಗಿದಿಲ್ಲ!

ನಿಮ್ಮ ಕೈ ಎಲ್ಲಿರಬೇಕು?

ಇಂದಿನ ಸೈಕಲ್ಲಿನಲ್ಲಿ ಮುಂಗೈ ಊರುವ ಹಲಗೆ ಇಲ್ಲ. ಭಾರ ಹೊರುವ ಕೆಲಸವೂ ತಿರುಗಿಸುವ ಕೆಲಸವೂ ಒಂದೇ ಹ್ಯಾಂಡಲ್ಲಿನ ಮೇಲೆ ಬಿದ್ದಿವೆ. ಆದ್ದರಿಂದ ಅದನ್ನು ಎಲ್ಲಿ ಹಿಡಿಯುತ್ತೀರಿ, ಹೇಗೆ ಹಿಡಿಯುತ್ತೀರಿ ಎಂಬುದು ಮುಖ್ಯ.

ಹ್ಯಾಂಡಲ್ ಎಂದರೆ ಒಂದು ಸನ್ನೆ. ಬಾಗಿಲನ್ನು ಕೀಲಿನ ಹತ್ತಿರ ಕೈಯಿಟ್ಟು ತಳ್ಳಿ ನೋಡಿ, ಕಷ್ಟ. ದೂರದ ಅಂಚಿನಲ್ಲಿ ತಳ್ಳಿ, ಸುಲಭ. ಹಾಗೆಯೇ ಹ್ಯಾಂಡಲ್ಲಿನ ನಡುವಿನಿಂದ ಕೈ ದೂರವಿದ್ದಷ್ಟೂ ತಿರುಗಿಸಲು ಕಡಿಮೆ ಬಲ ಸಾಕು. ಆದರೆ ಕೈ ಹೆಚ್ಚು ದೂರ ಚಲಿಸಬೇಕು. ಒಂದು ಲೆಕ್ಕ ಮಾಡೋಣ. ಚಕ್ರವನ್ನು 10 ಡಿಗ್ರಿ ತಿರುಗಿಸಬೇಕಾಗಿದೆ ಎನ್ನಿ. ಕೈ ನಡುವಿನಿಂದ 30 ಸೆಂಟಿಮೀಟರ್ ದೂರವಿದ್ದರೆ ಅದು ಸುಮಾರು 5 ಸೆಂಟಿಮೀಟರ್ ಸರಿಯಬೇಕು. ಕೈ 10 ಸೆಂಟಿಮೀಟರ್ ದೂರವಿದ್ದರೆ 2 ಸೆಂಟಿಮೀಟರಿಗಿಂತ ಕಡಿಮೆ ಸಾಕು.

ಹಾಗಾದರೆ ಹತ್ತಿರ ಹಿಡಿಯುವುದೇ ಲಾಭವಲ್ಲವೇ ಎಂದು ಕೇಳಬಹುದು. ಅಲ್ಲ! ರಸ್ತೆಯ ಗುಂಡಿಗೆ ಇಳಿದಾಗ ನಿಮ್ಮ ಕೈ 1 ಸೆಂಟಿಮೀಟರ್ ಅಲುಗಿತು ಎನ್ನಿ. ತುದಿಯಲ್ಲಿ ಹಿಡಿದಿದ್ದರೆ ಚಕ್ರ 2 ಡಿಗ್ರಿಯಷ್ಟು ತಿರುಗುತ್ತದೆ. ನಡುವಿನ ಹತ್ತಿರ ಹಿಡಿದಿದ್ದರೆ ಅದೇ ಅಲುಗಾಟಕ್ಕೆ ಸುಮಾರು 6 ಡಿಗ್ರಿ ಹೊರಳುತ್ತದೆ. ಅದಕ್ಕೇ ಕೈಗಳನ್ನು ನಡುವಿಗೆ ತಂದು ಹಿಡಿದರೆ ಸೈಕಲ್ ಚಂಚಲವಾಗುವುದು. ಬ್ರೇಕಿನ ಹಿಡಿಯೂ ಬೆರಳಿಗೆ ಸಿಗುವುದಿಲ್ಲ. ಹಾಗೆಂದು ಕೈಗಳನ್ನು ಭುಜಕ್ಕಿಂತ ಬಹಳ ಅಗಲಕ್ಕೆ ಚಾಚಿದರೆ ತೋಳು, ಕುತ್ತಿಗೆ ನೋಯುತ್ತವೆ. ಭುಜದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಅಗಲ ಬಹುತೇಕರಿಗೆ ಹಿತ.

ಇನ್ನು ನೋವಿನ ವಿಷಯ. ದೂರ ಸೈಕಲ್ ತುಳಿದ ಮೇಲೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದದ್ದುಂಟೇ? ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಒಂದು ನರ ಚರ್ಮಕ್ಕೆ ಹತ್ತಿರದಲ್ಲೇ ಹಾದುಹೋಗುತ್ತದೆ. ಮಣಿಕಟ್ಟನ್ನು ಮುರಿದಂತೆ ಬಗ್ಗಿಸಿ ಆ ಜಾಗದ ಮೇಲೆಯೇ ಭಾರ ಹಾಕಿದರೆ ನರ ಒತ್ತಿಹೋಗುತ್ತದೆ. ಆ ಎರಡು ಬೆರಳುಗಳಿಗೆ ಅದೇ ನರ ಹೋಗುವುದರಿಂದ ಅವೇ ಜೋಮು ಹಿಡಿಯುತ್ತವೆ. ಮುಂಗೈ ಮತ್ತು ಅಂಗೈ ಒಂದೇ ನೇರದಲ್ಲಿದ್ದರೆ ಒತ್ತಡ ಕಡಿಮೆ. ಮೊಣಕೈಯನ್ನು ಕೋಲಿನಂತೆ ನೆಟ್ಟಗೆ ಮಾಡದೆ ತುಸು ಮಡಿಸಿಕೊಳ್ಳಿ. ಆಗ ಅದು ಸ್ಪ್ರಿಂಗಿನಂತೆ ಕೆಲಸ ಮಾಡಿ, ರಸ್ತೆಯ ಕುಲುಕಾಟ ಭುಜಕ್ಕೆ ಏರದಂತೆ ತಡೆಯುತ್ತದೆ. ಸೀಟು ಮುಂದಕ್ಕೆ ಬಾಗಿದ್ದರೂ ಮೈ ಜಾರಿ ಜಾರಿ ಭಾರವೆಲ್ಲ ಕೈಗೇ ಬರುತ್ತದೆ. ಕೈ ನೋಯುತ್ತದೆಂದು ಹ್ಯಾಂಡಲ್ಲನ್ನು ಬೈಯುವ ಮೊದಲು ಸೀಟನ್ನು ನೋಡುವುದು ಒಳ್ಳೆಯದು.

ಹ್ಯಾಂಡಲ್ಲನ್ನು ಮುಷ್ಟಿ ಬಿಗಿದು ಹಿಡಿಯುವುದೂ ಬೇಡ. ಸೀಟು ಹಿಡಿದು ನಡೆದ ಪ್ರಯೋಗದಲ್ಲಿ ಸೈಕಲ್ಲು ತಾನೇ ತಿರುಗಿತಲ್ಲ? ಬಿಗಿದ ಕೈ ಆ ತಿರುಗುವಿಕೆಗೇ ಅಡ್ಡಿ ಮಾಡುತ್ತದೆ. ಹಾಗೆಂದು ಕೈ ಬಿಟ್ಟು ಓಡಿಸುವ ಸಾಹಸ ಖಂಡಿತ ಬೇಡ.

ಶಾಲೆಯ ಚೀಲವನ್ನು ಹ್ಯಾಂಡಲ್ಲಿನ ಒಂದು ತುದಿಗೆ ತೂಗುಹಾಕುವವರು ಬಹಳ. ನೀರಿನ ಕೊಡವನ್ನು ತೂಗುಹಾಕಿ ಹೋಗುವವರನ್ನೂ ಹಳ್ಳಿಗಳಲ್ಲಿ ನೋಡುತ್ತೇವೆ. ತುದಿಯಲ್ಲಿ ತೂಗುವ ಭಾರ ಹ್ಯಾಂಡಲ್ಲನ್ನು ಆ ಕಡೆಗೇ ಎಳೆಯುತ್ತಿರುತ್ತದೆ. ಎದುರಿನ ಕೈ ದಾರಿಯುದ್ದಕ್ಕೂ ಅದನ್ನು ತಡೆದು ಹಿಡಿಯಬೇಕು. ಎರಡು ಕಡೆಗೂ ಸಮನಾಗಿ ತೂಗುಹಾಕಿದರೆ ಎಳೆತ ಸರಿದೂಗುತ್ತದೆ, ಆದರೆ ಹ್ಯಾಂಡಲ್ ಜಡವಾಗುತ್ತದೆ. ತಟ್ಟನೆ ತಿರುಗಿಸಲು ಆಗುವುದಿಲ್ಲ. ಚೀಲಕ್ಕೆ ಹಿಂದಿನ ಕ್ಯಾರಿಯರ್ರೇ ಸರಿಯಾದ ಜಾಗ.

ಹೆಸರು ಬಂತು, ನಿಷೇಧವೂ ಬಂತು

ಡ್ರೈಸ್‌ನ ಕಥೆಗೆ ಮರಳೋಣ. 1818ರ ಜನವರಿ 12ರಂದು ಬಾಡೆನ್ ಸರ್ಕಾರ ಅವನ ಗಾಡಿಗೆ ಹತ್ತು ವರ್ಷಗಳ ಹಕ್ಕುಪತ್ರ ಕೊಟ್ಟಿತು. ಅವನ ಅನುಮತಿಯಿಲ್ಲದೆ ಅಲ್ಲಿ ಯಾರೂ ಅಂಥ ಗಾಡಿ ಮಾಡುವಂತಿಲ್ಲ. ಯಂತ್ರಶಾಸ್ತ್ರದ ಪ್ರಾಧ್ಯಾಪಕ ಎಂಬ ಗೌರವವೂ ದೊರೆಯಿತು. ಫ್ರಾನ್ಸಿನಲ್ಲಿಯೂ ಹಕ್ಕುಪತ್ರ ಸಿಕ್ಕಿತು. ಅಲ್ಲಿ ಗಾಡಿಗೆ ವೆಲಾಸಿಪೀಡ್ ಎಂದು ಹೆಸರಾಯಿತು. ವೇಗದ ಕಾಲು ಎಂದು ಅದರ ಅರ್ಥ. ಆದರೆ ಹಕ್ಕುಪತ್ರ ಒಂದು ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿತ್ತು. ಗಡಿಯಾಚೆಯ ಬಡಗಿಗಳು ನೋಡಿ ನೋಡಿ ಅದೇ ಗಾಡಿಯನ್ನು ಮಾಡಿ ಮಾರಿದರು. ಡ್ರೈಸ್‌ಗೆ ಚಿಕ್ಕಾಸೂ ಬರಲಿಲ್ಲ. ಲಂಡನ್ನಿನಲ್ಲಿ ಡೆನಿಸ್ ಜಾನ್ಸನ್ ಎಂಬ ಗಾಡಿ ತಯಾರಕ ಕಬ್ಬಿಣದ ಭಾಗಗಳನ್ನು ಸೇರಿಸಿ ಇನ್ನಷ್ಟು ಅಂದವಾಗಿ ಮಾಡಿ ಮಾರಿದ. ಮುಂಗೈ ಊರುವ ಮೆತ್ತೆಯನ್ನು ಅವನೂ ಉಳಿಸಿಕೊಂಡಿದ್ದ.

ಅಂದಿನ ರಸ್ತೆಗಳಲ್ಲಿ ಗಾಡಿಚಕ್ರಗಳು ಕೊರೆದ ಆಳವಾದ ಜಾಡುಗಳಿದ್ದವು. ಅವುಗಳ ನಡುವೆ ಎರಡು ಚಕ್ರದ ಮೇಲೆ ಸಮತೋಲ ಕಾಯುವುದು ಹೇಗೆ? ಸವಾರರು ನಡೆದಾಡುವವರ ಕಾಲುದಾರಿಗೆ ನುಗ್ಗಿದರು. ಜನರಿಗೆ ಡಿಕ್ಕಿಯಾಗತೊಡಗಿತು. ಮಾನ್‌ಹೈಮ್‌ನಲ್ಲಿಯೇ 1817ರ ಡಿಸೆಂಬರಿನಲ್ಲಿ ಕಾಲುದಾರಿಯ ಮೇಲೆ ಈ ಗಾಡಿ ಓಡಿಸುವುದನ್ನು ನಿಷೇಧಿಸಲಾಯಿತು. ಲಂಡನ್, ನ್ಯೂಯಾರ್ಕ್‌ಗಳಲ್ಲೂ 1819ರಲ್ಲಿ ನಿಷೇಧ ಬಂತು. ನಮ್ಮ ಕಲ್ಕತ್ತೆಯವರೆಗೂ ಇಂಥ ನಿಷೇಧ ತಲುಪಿತ್ತು! ಒಳ್ಳೆಯ ರಸ್ತೆ ಇಲ್ಲದಲ್ಲಿ ಒಳ್ಳೆಯ ಗಾಡಿ ಏನು ಮಾಡೀತು? ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು.

ಈ ನಡುವೆ ಡ್ರೈಸ್‌ಗೆ ಇನ್ನೊಂದು ಕಷ್ಟ ಎದುರಾಯಿತು. 1819ರಲ್ಲಿ ಮಾನ್‌ಹೈಮ್‌ನಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿ ಒಬ್ಬ ಪ್ರಸಿದ್ಧ ನಾಟಕಕಾರನನ್ನು ಕೊಂದ. ರಾಜಕೀಯ ದ್ವೇಷವೇ ಅದಕ್ಕೆ ಕಾರಣ. ಅವನಿಗೆ ಮರಣದಂಡನೆಯಾಯಿತು. ಸಾಂಡ್‌ನನ್ನು ವೀರನೆಂದು ಬಗೆದವರು ಬಹಳ ಮಂದಿ ಇದ್ದರು. ಬಾಡೆನ್‌ನ ದೊಡ್ಡ ನ್ಯಾಯಾಧೀಶನ ಮೇಲಿನ ಅವರ ಸಿಟ್ಟು ಮಗನ ಮೇಲೂ ತಿರುಗಿತು. ಹೋದಲ್ಲಿ ಬಂದಲ್ಲಿ ಪೀಡೆ ಹೆಚ್ಚಾಗಿ ಡ್ರೈಸ್ 1822ರಲ್ಲಿ ಬ್ರೆಜಿಲ್ ದೇಶಕ್ಕೆ ಹೊರಟ. ಅಲ್ಲಿ ಭೂಮಾಪಕನಾಗಿ ಕೆಲಸ ಮಾಡಿ 1827ರಲ್ಲಿ ಹಿಂದಿರುಗಿದ.

ಹಿಂದಿರುಗಿದ ಮೇಲೂ ಆತ ಸುಮ್ಮನೆ ಕೂರಲಿಲ್ಲ. 16 ಕೀಲಿಗಳಿದ್ದು, ಕಾಗದದ ಪಟ್ಟಿಯ ಮೇಲೆ ವೇಗವಾಗಿ ಬರೆಯುವ ಯಂತ್ರವನ್ನು ಮಾಡಿದ. ಸೌದೆ ಉಳಿಸುವ ಒಲೆಯನ್ನು ರೂಪಿಸಿದ. ರೈಲು ಹಳಿಯ ತಪಾಸಣೆಗೆ ಸಿಬ್ಬಂದಿ ತಳ್ಳಿಕೊಂಡು ಹೋಗುವ ಟ್ರಾಲಿಯನ್ನು ನೀವು ನೋಡಿರಬಹುದು. ಹಳಿಯ ಮೇಲಿನ ಇಂಥ ಸಣ್ಣ ಗಾಡಿಗಳಿಗೆ ಯೂರೋಪಿನ ಹಲವು ಭಾಷೆಗಳಲ್ಲಿ ಇಂದಿಗೂ ಡ್ರೈಸ್‌ನ ಹೆಸರೇ ಇದೆ.

1848-49ರಲ್ಲಿ ಬಾಡೆನ್‌ನಲ್ಲಿ ಅರಸೊತ್ತಿಗೆಯ ವಿರುದ್ಧ ಜನ ಎದ್ದರು. ಡ್ರೈಸ್‌ಗೆ ಆಗ ಅರವತ್ತು ದಾಟಿತ್ತು. ಆತ ಜನರ ಪಕ್ಷ ಹಿಡಿದ. ಹುಟ್ಟಿನಿಂದ ಬಂದ ಬಿರುದನ್ನು ಬಿಟ್ಟುಕೊಟ್ಟು, ತಾನು ಬರೀ ನಾಗರಿಕ ಕಾರ್ಲ್ ಡ್ರೈಸ್ ಎಂದು ಬಹಿರಂಗವಾಗಿ ಸಾರಿದ. ದಂಗೆ ಸೋತಿತು. ಗೆದ್ದವರು ಆತನನ್ನು ಹುಚ್ಚನೆಂದು ಹೇಳಿ ಕೂಡಿಹಾಕಲು ಯತ್ನಿಸಿದರು. ಪಿಂಚಣಿಯನ್ನು ಕಿತ್ತುಕೊಂಡರು. 1851ರ ಡಿಸೆಂಬರ್ 10ರಂದು ಕಾರ್ಲ್ಸ್‌ರೂಹೆಯಲ್ಲಿ ಡ್ರೈಸ್ ಬಡತನದಲ್ಲಿ ಸತ್ತ. ಊರಿನವರ ಬಾಯಲ್ಲಿ ಆತ ಒಬ್ಬ ವಿಚಿತ್ರ ಮುದುಕನಾಗಿ ಉಳಿದಿದ್ದ, ಅಷ್ಟೆ.

ಹ್ಯಾಂಡಲ್ ಇಲ್ಲದ ಕಟ್ಟುಕಥೆ

ಹೆಸರನ್ನು ಕಿತ್ತುಕೊಳ್ಳುವ ಪ್ರಯತ್ನ ಸತ್ತ ಮೇಲೂ ನಡೆಯಿತು. 1891ರಲ್ಲಿ ಫ್ರಾನ್ಸಿನ ಲೇಖಕನೊಬ್ಬ ಸೈಕಲ್ಲಿನ ಇತಿಹಾಸ ಬರೆದ. ಅದರಲ್ಲಿ, ಡ್ರೈಸ್‌ಗಿಂತ ಮೊದಲೇ, 1790ರ ಸುಮಾರಿಗೆ, ಸಿವ್ರಾಕ್ ಎಂಬ ಫ್ರೆಂಚ್ ಶ್ರೀಮಂತ ಎರಡು ಚಕ್ರದ ಗಾಡಿ ಮಾಡಿದ್ದನೆಂದು ಹೇಳಿದ. ಆ ಗಾಡಿಗೆ ತಿರುಗುವ ಹಿಡಿಯೇ ಇರಲಿಲ್ಲವಂತೆ. ಹಳೆಯ ಕಾಗದಪತ್ರಗಳನ್ನು ಶೋಧಿಸಿದ ಇತಿಹಾಸಕಾರರು ಇದು ಬರೀ ಕಲ್ಪನೆ ಎಂದು ತೋರಿಸಿಕೊಟ್ಟಿದ್ದಾರೆ. ಆದರೂ ಎಷ್ಟೋ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿವ್ರಾಕ್ ಇನ್ನೂ ಕುಳಿತಿದ್ದಾನೆ.

ಆ ಕಥೆಯನ್ನು ನಂಬುವ ಮೊದಲು ನಿಮ್ಮ ಅಂಗೈ ಮೇಲಿನ ಕೋಲನ್ನು ನೆನಪಿಸಿಕೊಳ್ಳಿ. ಮುಂದಿನ ಚಕ್ರ ತಿರುಗದಿದ್ದರೆ, ವಾಲಿದ ಗಾಡಿಯ ಕೆಳಕ್ಕೆ ಚಕ್ರವನ್ನು ತರುವುದು ಹೇಗೆ? ಅನುಮಾನವಿದ್ದರೆ, ಹ್ಯಾಂಡಲ್ ತಿರುಗದಂತೆ ಹಗ್ಗದಿಂದ ಬಿಗಿದು ಕಟ್ಟಿ, ಯಾರೂ ಹತ್ತದೆ, ಮರಳಿನ ಮೇಲೆ ಖಾಲಿ ಸೈಕಲ್ಲನ್ನು ತಳ್ಳಿ ಬಿಡಿ. ಎಷ್ಟು ದೂರ ಹೋಗುತ್ತದೆ ನೋಡಿ.

ಅದೇ ವರ್ಷಗಳಲ್ಲಿ ಜರ್ಮನಿಯ ಸೈಕಲ್ ಸವಾರರು ಡ್ರೈಸ್‌ನನ್ನು ನೆನೆದರು. 1893ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಆತನ ಸ್ಮಾರಕ ಎದ್ದಿತು. ಸತ್ತು 42 ವರ್ಷಗಳ ಮೇಲೆ!

ಅಷ್ಟರಲ್ಲಿ ಸೈಕಲ್ಲು ಬಹಳ ಬದಲಾಗಿತ್ತು. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲ್ ಬಂತು. ಆಗ ಕೈಗಳಿಗೆ ಹೊಸ ತೊಂದರೆ. ಬಲಗಾಲು ತುಳಿದರೆ ಚಕ್ರ ಒಂದು ಕಡೆ ಹೊರಳುತ್ತಿತ್ತು, ಎಡಗಾಲು ತುಳಿದರೆ ಇನ್ನೊಂದು ಕಡೆ. ಕೈಗಳು ಪ್ರತಿ ತುಳಿತಕ್ಕೂ ಹ್ಯಾಂಡಲ್ಲನ್ನು ಎಳೆದು ಹಿಡಿಯಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿನಲ್ಲಿ ಚೈನು ಹಿಂದಿನ ಚಕ್ರವನ್ನು ಓಡಿಸಿತು. ಮುಂದಿನ ಚಕ್ರ ಕೈಗಳ ಪಾಲಿಗೆ ಉಳಿಯಿತು. ನಿಮ್ಮ ಮನೆಯ ಸೈಕಲ್ಲು ಅದರ ಮರಿಮಗು.

ಮುಂಗೈ ಊರುವ ಹಲಗೆ ಏನಾಯಿತು? ಅದು ಮರೆತುಹೋಯಿತು. ಆದರೆ 1989ರಲ್ಲಿ, ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಕೊನೆಯ ದಿನ, ಅಮೆರಿಕದ ಗ್ರೆಗ್ ಲೆಮಾಂಡ್ ಎಂಬ ಸವಾರ ವಿಚಿತ್ರವಾದ ಹ್ಯಾಂಡಲ್ ಜೋಡಿಸಿಕೊಂಡು ಬಂದ. ಮುಂಗೈಗಳನ್ನು ಊರಲು ಮೆತ್ತೆಗಳು, ಅವುಗಳಾಚೆ ಮುಂದಕ್ಕೆ ಚಾಚಿದ ಹಿಡಿ. ಮೊಣಕೈಗಳು ಹತ್ತಿರ ಹತ್ತಿರ, ಬೆನ್ನು ಬಾಗಿ ಮೈ ಕಿರಿದಾಗಿತ್ತು. ಎದುರುಗಾಳಿಯ ಅಡ್ಡಿ ಕಡಿಮೆಯಾಯಿತು. ಮೂರು ವಾರಗಳ ಸ್ಪರ್ಧೆಯನ್ನು ಲೆಮಾಂಡ್ ಕೇವಲ 8 ಸೆಕೆಂಡುಗಳ ಅಂತರದಲ್ಲಿ ಗೆದ್ದ. ಡ್ರೈಸ್ ಮಾನ್‌ಹೈಮ್‌ನಿಂದ ಹೊರಟು ಆಗ 172 ವರ್ಷಗಳಾಗಿದ್ದವು.

ಒಬ್ಬೊಬ್ಬರೇ ಓಡಿಸುವ ಸ್ಪರ್ಧೆಗಳಲ್ಲಿ ಈಗ ಇಂಥ ಹ್ಯಾಂಡಲ್ ಸಾಮಾನ್ಯ. ಎಲ್ಲರೂ ಗುಂಪಾಗಿ ಓಡಿಸುವ ದೊಡ್ಡ ರಸ್ತೆ ಸ್ಪರ್ಧೆಗಳಲ್ಲಿ ಮಾತ್ರ ಅದಕ್ಕೆ ಅನುಮತಿ ಇಲ್ಲ. ಏಕೆ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ. ಎರಡು ಕೈಗಳೂ ನಡುವಿಗೆ ಬಂದಿವೆ, ಬ್ರೇಕು ದೂರ ಉಳಿದಿದೆ, ಪಕ್ಕದಲ್ಲೇ ಇನ್ನೊಬ್ಬನ ಚಕ್ರವಿದೆ.